ಎಲ್ಲೆ ದಾಟಿದ ಜೀವಿಗಳು: ಚಾರ್ಲ್ಸ್ ಎಲ್ಟನ್ ಅವರ ವೈಜ್ಞಾನಿಕ ಬದುಕು ಮತ್ತು ಆಕ್ರಮಣಕಾರಿ ಪ್ರಭೇದಗಳ ಅಧ್ಯಯನದ ಉಗಮ

ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದ ಚರಿತ್ರೆಯಲ್ಲಿ ಪರಿಸರವಿಜ್ಞಾನಕ್ಕೆ ಗೌರವದ ಸ್ಥಾನ ದೊರೆತದ್ದು ತಡವಾಗಿ. ತಳಿವಿಜ್ಞಾನವು ಶತಮಾನದ ಆರಂಭದಲ್ಲಿಯೇ ಪ್ರಯೋಗಾಲಯವನ್ನೂ ಗಣಿತವನ್ನೂ ತನ್ನದಾಗಿಸಿಕೊಂಡು ಮುನ್ನಡೆಯಿತು. ಸಸ್ಯಸಮುದಾಯಗಳ ಅಧ್ಯಯನವೂ ತಕ್ಕಮಟ್ಟಿಗೆ ಬೆಳೆದಿತ್ತು. ಆದರೆ ಪ್ರಾಣಿಗಳು ತಮ್ಮ ನೆಲೆಗಳಲ್ಲಿ ಹೇಗೆ ಬಾಳುತ್ತವೆ, ಅವುಗಳ ಸಂಖ್ಯೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬ ಪ್ರಶ್ನೆಗಳು 1920ರ ದಶಕದವರೆಗೂ ನಿಸರ್ಗಪ್ರಿಯರ ದಿನಚರಿಗಳಲ್ಲಿ ಚದುರಿಹೋಗಿದ್ದವು. ಈ ಬಿಡಿ ಟಿಪ್ಪಣಿಗಳನ್ನು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸದರ್ಲೆಂಡ್ ಎಲ್ಟನ್ (1900–1991) ಅಗ್ರಗಣ್ಯರು.

ಎಲ್ಟನ್ ಅವರ ಹೆಸರು ಇಂದು ಮುಖ್ಯವಾಗಿ ಎರಡು ಕಾರಣಗಳಿಂದ ನೆನಪಾಗುತ್ತದೆ. ಮೊದಲನೆಯದು ಆಹಾರ ಸರಪಳಿ, ಜೀವಿಯ 'ನೆಲೆ' ಹಾಗೂ ಸಂಖ್ಯಾ ಪಿರಮಿಡ್ಡಿನ ಪರಿಕಲ್ಪನೆಗಳನ್ನು ಸ್ಪಷ್ಟಗೊಳಿಸಿದ 1927ರ ಪಠ್ಯ. ಎರಡನೆಯದು ಸಸ್ಯ ಮತ್ತು ಪ್ರಾಣಿಗಳ ಆಕ್ರಮಣವನ್ನು ಕುರಿತು 1958ರಲ್ಲಿ ಹೊರಬಂದ, ಇನ್ನೂರು ಪುಟಗಳನ್ನೂ ಮೀರದ ಒಂದು ಗ್ರಂಥ. ಇವೆರಡರ ನಡುವೆ ಮೂರು ದಶಕಗಳ ಅಂತರವಿದೆ. ಈ ಅಂತರದಲ್ಲಿ ನಡೆದ ಕೆಲಸವನ್ನು ಬಿಟ್ಟು ಎರಡನೆಯ ಗ್ರಂಥವನ್ನು ಅರ್ಥಮಾಡಿಕೊಳ್ಳಲು ಯತ್ನಿಸಿದಾಗಲೆಲ್ಲ ಎಲ್ಟನ್ ಅವರನ್ನು 'ಪರಕೀಯ ಜೀವಿಗಳ ವಿರುದ್ಧ ಸಮರ ಸಾರಿದವರು' ಎಂದು ಸರಳೀಕರಿಸಲಾಗಿದೆ. ವಾಸ್ತವದಲ್ಲಿ ಅವರ ಆಸಕ್ತಿಯ ಕೇಂದ್ರವು ಹೊರಗಿನಿಂದ ಬಂದ ಜೀವಿಗಿಂತ ಹೆಚ್ಚಾಗಿ ಅದನ್ನು ಒಳಬಿಟ್ಟುಕೊಂಡ ಜೀವಿಸಮುದಾಯವಾಗಿತ್ತು. ವೈವಿಧ್ಯವುಳ್ಳ ಸಮುದಾಯವು ಆಕ್ರಮಣವನ್ನು ತಡೆಯಬಲ್ಲುದೇ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಈ ಪ್ರಶ್ನೆ ಹುಟ್ಟಿಬಂದ ಬಗೆ, ಅದು ಎದುರಿಸಿದ ಪರೀಕ್ಷೆಗಳು, ಕರ್ನಾಟಕದ ಕಾಡುಗಳಲ್ಲಿ ಅದು ಪಡೆದುಕೊಂಡ ಹೊಸ ಅರ್ಥ ಪ್ರಸ್ತುತ ಲೇಖನದ ವಸ್ತು.

ಬಾಲ್ಯ ಮತ್ತು ಶಿಕ್ಷಣ

ಎಲ್ಟನ್ 1900ರ ಮಾರ್ಚ್ 29ರಂದು ಮ್ಯಾಂಚೆಸ್ಟರಿನಲ್ಲಿ ಜನಿಸಿದರು. ತಂದೆ ಆಲಿವರ್ ಎಲ್ಟನ್ ಇಂಗ್ಲಿಷ್ ಸಾಹಿತ್ಯದ ವಿದ್ವಾಂಸರು; ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಮನೆಯಲ್ಲಿ ಪುಸ್ತಕದ ವಾತಾವರಣವಿದ್ದರೂ ಬಾಲಕ ಚಾರ್ಲ್ಸ್‌ನನ್ನು ಹೊಲ, ಕೊಳ, ಕಾಡಂಚುಗಳತ್ತ ಸೆಳೆದವರು ಅಣ್ಣ ಜೆಫ್ರಿ. ನಿಸರ್ಗವನ್ನು ಬರಿದೆ ಮೆಚ್ಚುವುದಕ್ಕೂ ಪ್ರಶ್ನೆ ಕೇಳುತ್ತ ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿಕೊಟ್ಟ ಅಣ್ಣನ ಋಣವನ್ನು ಎಲ್ಟನ್ ಕೊನೆಯವರೆಗೂ ಸ್ಮರಿಸಿದರು. ಜೆಫ್ರಿ 1927ರಲ್ಲಿ ಅಕಾಲ ಮರಣಕ್ಕೀಡಾದರು.

ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಎಲ್ಟನ್ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿ 1922ರಲ್ಲಿ ಪದವಿ ಪಡೆದರು. ಆಗಿನ ಪ್ರಾಣಿಶಾಸ್ತ್ರದ ಪಾಠವೆಂದರೆ ಬಹುಮಟ್ಟಿಗೆ ಶರೀರರಚನೆಯ ಅಧ್ಯಯನ. ಛೇದನಮಂಚದ ಮೇಲಿನ ಸತ್ತ ಪ್ರಾಣಿಯೇ ಪಠ್ಯ. ಬದುಕಿರುವ ಪ್ರಾಣಿಯನ್ನು ಅದರ ಪರಿಸರದಲ್ಲಿಯೇ ನೋಡಬೇಕೆಂಬ ಎಲ್ಟನ್ ಅವರ ಹಂಬಲಕ್ಕೆ ಆಸರೆಯಾದವರು ಅಧ್ಯಾಪಕ ಜೂಲಿಯನ್ ಹಕ್ಸ್‌ಲಿ. ಇನ್ನೂ ವಿದ್ಯಾರ್ಥಿಯಾಗಿದ್ದ ಎಲ್ಟನ್ ಅವರನ್ನು 1921ರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸ್ಪಿಟ್ಸ್‌ಬರ್ಗೆನ್ ಯಾತ್ರೆಗೆ ಸೇರಿಸಿಕೊಂಡದ್ದು ಹಕ್ಸ್‌ಲಿಯವರೇ. 1923 ಮತ್ತು 1924ರಲ್ಲಿಯೂ ಎಲ್ಟನ್ ಉತ್ತರಧ್ರುವ ಪ್ರದೇಶಕ್ಕೆ ಮರಳಿದರು.

ಹಿಮದ ದ್ವೀಪಗಳ ಪಾಠ

ಶಾಸ್ತ್ರವೊಂದರ ಆರಂಭಕ್ಕೆ ಧ್ರುವಪ್ರದೇಶದ ಬಡ ಜೀವಸಂಪತ್ತು ವರವಾಗಿ ಪರಿಣಮಿಸಿತು. ಇಂಗ್ಲೆಂಡಿನ ಒಂದು ಓಕ್ ಮರದಲ್ಲಿರುವ ಕೀಟಗಳ ಪರಸ್ಪರ ಸಂಬಂಧವನ್ನು ಬಿಡಿಸುವುದೇ ಒಬ್ಬರ ಆಯುಷ್ಯದ ಕೆಲಸ. ಸ್ಪಿಟ್ಸ್‌ಬರ್ಗೆನ್ ಮತ್ತು ಬೇರ್ ದ್ವೀಪಗಳಲ್ಲಾದರೋ ಜಾತಿಗಳು ಕೆಲವೇ. ಯಾರು ಯಾರನ್ನು ತಿನ್ನುತ್ತಾರೆಂಬುದನ್ನು ಒಂದೇ ಹಾಳೆಯ ಮೇಲೆ ಬರೆಯಬಹುದಾಗಿತ್ತು. ಸಸ್ಯವಿಜ್ಞಾನಿ ಸಮರ್‌ಹೇಸ್ ಅವರೊಂದಿಗೆ ಎಲ್ಟನ್ 1923ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇರ್ ದ್ವೀಪದ ಆಹಾರ ಸಂಬಂಧಗಳ ರೇಖಾಚಿತ್ರವಿದೆ. ಕಡಲಹಕ್ಕಿಗಳ ಹಿಕ್ಕೆಯಿಂದ ನೆಲಕ್ಕೆ ಸಾರಜನಕ, ನೆಲದಿಂದ ಸಸ್ಯ, ಸಸ್ಯದಿಂದ ಕೀಟ, ಕೀಟದಿಂದ ಹಕ್ಕಿ, ಹಕ್ಕಿಯಿಂದ ಧ್ರುವನರಿ ಎಂದು ಬಾಣಗುರುತುಗಳು ಸಾಗುತ್ತವೆ. ಕಡಲು ಮತ್ತು ನೆಲಗಳನ್ನು ಒಂದೇ ಜಾಲದಲ್ಲಿ ಹೆಣೆದು ತೋರಿಸಿದ ಈ ಚಿತ್ರವು ಆಹಾರ ಜಾಲದ ತೀರ ಆರಂಭದ ನಕ್ಷೆಗಳಲ್ಲೊಂದು.

1923ರ ಯಾತ್ರೆಯಿಂದ ಮರಳುವಾಗ ನಾರ್ವೆಯ ಟ್ರೊಮ್ಸೊ ಪಟ್ಟಣದ ಅಂಗಡಿಯೊಂದರಲ್ಲಿ ರಾಬರ್ಟ್ ಕಾಲೆಟ್ ಅವರು ನಾರ್ವೆಯ ಸಸ್ತನಿಗಳ ಬಗ್ಗೆ ಬರೆದ ಗ್ರಂಥ ಎಲ್ಟನ್ ಅವರಿಗೆ ದೊರೆಯಿತು. ಭಾಷೆ ಪರಿಚಿತವಲ್ಲದಿದ್ದರೂ ಲೆಮ್ಮಿಂಗ್ ಎಂಬ ಪುಟ್ಟ ದಂಶಕವು ಹೆಚ್ಚಾಗಿ ಕಾಣಿಸಿಕೊಂಡ ವರ್ಷಗಳ ಪಟ್ಟಿ ಅವರ ಗಮನ ಸೆಳೆಯಿತು. ಕೆಲವೇ ವರ್ಷಗಳ ಅಂತರದಲ್ಲಿ ಸಂಖ್ಯೆ ಉಕ್ಕುತ್ತದೆ, ಮತ್ತೆ ಕುಸಿಯುತ್ತದೆ. ಪ್ರಕೃತಿಯಲ್ಲಿ ಸ್ಥಿರವಾದ 'ಸಮತೋಲ'ವಿದೆ ಎಂಬ ಹಳೆಯ ನಂಬಿಕೆಗೆ ಈ ಪಟ್ಟಿ ಒಗ್ಗುತ್ತಿರಲಿಲ್ಲ. 1924ರಲ್ಲಿ ಪ್ರಾಣಿಸಂಖ್ಯೆಯ ಆವರ್ತಕ ಏರಿಳಿತಗಳನ್ನು ಕುರಿತು ಎಲ್ಟನ್ ಪ್ರಕಟಿಸಿದ ಪ್ರಬಂಧವು ಈ ಅಂಗಡಿಯ ಖರೀದಿಯ ಫಲ.

ತುಪ್ಪಳದ ಲೆಕ್ಕಪುಸ್ತಕಗಳು

ಏರಿಳಿತಗಳನ್ನು ಅರಿಯಲು ದೀರ್ಘಕಾಲದ ದಾಖಲೆಗಳು ಬೇಕು. ಇಪ್ಪತ್ತು ವರ್ಷ ಒಬ್ಬ ವಿಜ್ಞಾನಿ ಎಣಿಸಿದರೂ ಹತ್ತು ವರ್ಷಗಳ ಆವರ್ತದ ಎರಡು ಸುತ್ತು ಮಾತ್ರ ಸಿಗುತ್ತದೆ. ಈ ತೊಡಕಿಗೆ ಎಲ್ಟನ್ ಕಂಡುಕೊಂಡ ಪರಿಹಾರ ವಿಜ್ಞಾನದ ಹೊರಗಿತ್ತು. ಕೆನಡಾದಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಯು ಹದಿನೆಂಟನೆಯ ಶತಮಾನದಿಂದಲೇ ಪ್ರತಿ ವರ್ಷ ಬಂದ ಚರ್ಮಗಳ ಲೆಕ್ಕವಿಟ್ಟಿತ್ತು. ಹ್ಯೂಯಿಟ್ ಅವರು 1921ರಲ್ಲಿ ಕೆನಡಾದ ವನ್ಯಜೀವಿ ಸಂರಕ್ಷಣೆಯನ್ನು ಕುರಿತು ಪ್ರಕಟಿಸಿದ್ದ ಗ್ರಂಥದಲ್ಲಿ ಈ ಲೆಕ್ಕಗಳ ನಕ್ಷೆಗಳಿದ್ದವು. ಎಲ್ಟನ್ 1925ರಿಂದ 1931ರವರೆಗೆ ಕಂಪನಿಯ ಜೀವವಿಜ್ಞಾನ ಸಲಹೆಗಾರರಾಗಿ ದುಡಿದರು. ವ್ಯಾಪಾರಿಯ ಲಾಭನಷ್ಟದ ಪುಸ್ತಕ ಪರಿಸರವಿಜ್ಞಾನಿಯ ಕೈಯಲ್ಲಿ ಕಾಡಿನ ಚರಿತ್ರೆಯಾಯಿತು. ಮೇರಿ ನಿಕೋಲ್ಸನ್ ಅವರೊಂದಿಗೆ 1942ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 1736ರಿಂದ ಮೊದಲ್ಗೊಂಡು ಸುಮಾರು ಎರಡು ಶತಮಾನಗಳ ಲಿಂಕ್ಸ್ ಬೆಕ್ಕಿನ ಚರ್ಮಗಳ ದಾಖಲೆಯನ್ನು ವಿಶ್ಲೇಷಿಸಿ ಅದರ ಹತ್ತು ವರ್ಷಗಳ ಆವರ್ತವನ್ನು ಸ್ಥಾಪಿಸಲಾಯಿತು. ಇಂದಿಗೂ ಈ ದಾಖಲೆ ಪಠ್ಯಪುಸ್ತಕಗಳ ಮಾದರಿ ಉದಾಹರಣೆಯಾಗಿದೆ.

ಇದೇ ಅವಧಿಯಲ್ಲಿ ಹಕ್ಸ್‌ಲಿಯವರ ಕೋರಿಕೆಯಂತೆ ಮೂರು ತಿಂಗಳೊಳಗೆ ಬರೆದು ಮುಗಿಸಿದ 'ಅನಿಮಲ್ ಇಕಾಲಜಿ' 1927ರಲ್ಲಿ ಪ್ರಕಟವಾಯಿತು. ಲೇಖಕರಿಗೆ ಆಗ ಇಪ್ಪತ್ತೇಳು ವರ್ಷ. ಜೀವಿಯೊಂದರ 'ನೆಲೆ' ಎಂದರೆ ಅದು ವಾಸಿಸುವ ಜಾಗ ಮಾತ್ರವಲ್ಲ. ಸಮುದಾಯದಲ್ಲಿ ಅದು ಮಾಡುವ ಕೆಲಸ, ಆಹಾರದೊಂದಿಗೂ ಶತ್ರುಗಳೊಂದಿಗೂ ಅದಕ್ಕಿರುವ ಸಂಬಂಧ ಎಂದು ಎಲ್ಟನ್ ನಿರೂಪಿಸಿದರು. ಊರಿನಲ್ಲಿ ಒಬ್ಬರನ್ನು ಪುರೋಹಿತರೆಂದೋ ಕಮ್ಮಾರರೆಂದೋ ಗುರುತಿಸುವ ಹಾಗೆ ಕಾಡಿನಲ್ಲಿ ಪ್ರಾಣಿಯನ್ನು ಅದರ ಕಸುಬಿನಿಂದ ಗುರುತಿಸಬೇಕೆಂಬುದು ಅವರ ಆಶಯ. ಪ್ರಾಣಿಸಮುದಾಯದ ತಳದಲ್ಲಿ ಸಣ್ಣ ಜೀವಿಗಳು ಅಪಾರವಾಗಿಯೂ ತುದಿಯಲ್ಲಿ ದೊಡ್ಡ ಬೇಟೆಗಾರ ಪ್ರಾಣಿಗಳು ವಿರಳವಾಗಿಯೂ ಇರುವುದನ್ನು ವಿವರಿಸುವ ಸಂಖ್ಯಾ ಪಿರಮಿಡ್ಡಿನ ಕಲ್ಪನೆಯೂ ಈ ಗ್ರಂಥದ್ದೇ. ಮುಂದೆ ಆಕ್ರಮಣಗಳನ್ನು ಕುರಿತು ಬರೆಯುವಾಗ ಎಲ್ಟನ್ ಬಳಸಿದ ಉಪಕರಣಗಳೆಲ್ಲವೂ ಇಲ್ಲಿಯೇ ಸಿದ್ಧಗೊಂಡಿದ್ದವು. ಹೊಸದಾಗಿ ಬಂದ ಜೀವಿಗೆ ಸಮುದಾಯದಲ್ಲಿ ಕಸುಬು ಉಂಟೇ, ಆ ಕಸುಬನ್ನು ಈಗಾಗಲೇ ಹಿಡಿದವರಾರು, ಬಂದವನನ್ನು ತಿನ್ನುವವರಾರು ಎಂಬ ಪ್ರಶ್ನೆಗಳು 'ನೆಲೆ'ಯ ಕಲ್ಪನೆಯಿಂದ ನೇರವಾಗಿ ಹೊರಡುತ್ತವೆ.

ಆಕ್ಸ್‌ಫರ್ಡಿನ ಬ್ಯೂರೋ

1932ರಲ್ಲಿ ಎಲ್ಟನ್ ಆಕ್ಸ್‌ಫರ್ಡಿನಲ್ಲಿ 'ಬ್ಯೂರೋ ಆಫ್ ಅನಿಮಲ್ ಪಾಪ್ಯುಲೇಷನ್' ಎಂಬ ಪುಟ್ಟ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷ ಆರಂಭವಾದ 'ಜರ್ನಲ್ ಆಫ್ ಅನಿಮಲ್ ಇಕಾಲಜಿ' ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು 1951ರವರೆಗೂ ನಿರ್ವಹಿಸಿದರು. ಬಹುಮಟ್ಟಿಗೆ ಹೊರಗಿನ ಅನುದಾನಗಳನ್ನೇ ನೆಚ್ಚಿಕೊಂಡಿದ್ದ ಬ್ಯೂರೋದಲ್ಲಿ ಡೆನಿಸ್ ಚಿಟಿ, ಸದರ್ನ್, ಮಿಡ್ಲ್‌ಟನ್, ಲೆಸ್ಲಿ ಮೊದಲಾದವರು ದುಡಿದರು. ವಯೋಮಾನಕ್ಕನುಗುಣವಾಗಿ ಜೀವಿಸಂಖ್ಯೆಯ ಬೆಳವಣಿಗೆಯನ್ನು ಲೆಕ್ಕಹಾಕುವ, ಇಂದು 'ಲೆಸ್ಲಿ ಮಾತೃಕೆ' ಎಂದು ಪ್ರಸಿದ್ಧವಾಗಿರುವ ಗಣಿತವಿಧಾನ 1945ರಲ್ಲಿ ರೂಪುಗೊಂಡದ್ದು ಈ ಸಂಸ್ಥೆಯಲ್ಲಿಯೇ.

ಆಕ್ರಮಣಗಳ ಪ್ರಶ್ನೆ ಬ್ಯೂರೋದ ಬಾಗಿಲಿಗೆ ತಾನಾಗಿ ಬಂದಿತ್ತು. ಉತ್ತರ ಅಮೆರಿಕದಿಂದ ತಂದು ಬಿಟ್ಟ ಬೂದು ಅಳಿಲು ಬ್ರಿಟನ್ನಿನಲ್ಲಿ ಕೆಂಪು ಅಳಿಲಿನ ಜಾಗವನ್ನು ಆಕ್ರಮಿಸುತ್ತಿರುವುದನ್ನು ಮಿಡ್ಲ್‌ಟನ್ 1930ರ ದಶಕದ ಆರಂಭದಲ್ಲಿಯೇ ನಕ್ಷೆಗಿಳಿಸಿದ್ದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಆಹಾರಧಾನ್ಯಗಳನ್ನು ದಂಶಕಗಳಿಂದ ಕಾಪಾಡುವ ಹೊಣೆ ಬ್ಯೂರೋದ ಮೇಲೆ ಬಿತ್ತು. ಕಂದು ಇಲಿ, ಮನೆಯಿಲಿಗಳು ಸಹ ಮನುಷ್ಯನ ಹಡಗು ಗಾಡಿಗಳ ಬೆನ್ನು ಹತ್ತಿ ಲೋಕವನ್ನೆಲ್ಲ ಸುತ್ತಿದ ಜೀವಿಗಳೇ. ಈ ಯುದ್ಧಕಾಲದ ಸಂಶೋಧನೆ 1954ರಲ್ಲಿ ಸಂಪುಟಗಳಾಗಿ ಪ್ರಕಟವಾಯಿತು. ಇಲಿಗಳನ್ನು ಕೊಂದಷ್ಟೂ ಉಳಿದವು ಬೇಗ ಮರಿ ಹಾಕಿ ಮತ್ತೆ ತುಂಬಿಕೊಳ್ಳುತ್ತವೆ. ಆದ್ದರಿಂದ ಪ್ರಾಣಿಗಿಂತ ಮೊದಲು ಅದಕ್ಕೆ ಎಡೆಮಾಡಿಕೊಟ್ಟ ಪರಿಸ್ಥಿತಿಯನ್ನು ತಿಳಿಯಬೇಕು ಎಂಬ ಅನುಭವ ಎಲ್ಟನ್ ಅವರಿಗೆ ಹೀಗೆ ಉಗ್ರಾಣಗಳಲ್ಲಿಯೂ ದೊರೆಯಿತು.

ವೈಟಮ್ ಕಾಡಿನ ಇಪ್ಪತ್ತು ವರ್ಷ

1940ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡಿಗೆ ಸಮೀಪದ ವೈಟಮ್ ಎಸ್ಟೇಟು ವಿಶ್ವವಿದ್ಯಾಲಯದ ಸ್ವತ್ತಾಯಿತು. ಯುದ್ಧ ಮುಗಿಯುತ್ತಿದ್ದಂತೆ ಎಲ್ಟನ್ ಅಲ್ಲಿನ ಕಾಡು, ಹುಲ್ಲುಗಾವಲು, ಜೌಗುಗಳ ಸಮೀಕ್ಷೆಗೆ ತೊಡಗಿದರು. ಪ್ರಾಣಿ ಸಿಕ್ಕ ಎಡೆಯ ರಚನೆಯನ್ನು ವರ್ಗೀಕರಿಸುವ ಒಂದು ಪದ್ಧತಿಯನ್ನು ರಿಚರ್ಡ್ ಮಿಲ್ಲರ್ ಅವರೊಂದಿಗೆ 1954ರಲ್ಲಿ ಪ್ರಕಟಿಸಿದರು. ನೆಲದ ಮಟ್ಟ, ಪೊದೆಯ ಎತ್ತರ, ಮರದ ಮೇಲ್ಛಾವಣಿ, ಕಾಡಂಚು, ನೀರಂಚು ಎಂದು ಬಿಡಿಸಿ ಪ್ರತಿಯೊಂದು ಜೀವಿಯ ದಾಖಲೆಯನ್ನೂ ತಕ್ಕ ಶೀರ್ಷಿಕೆಯಡಿ ಸೇರಿಸುವ ಕೆಲಸ ಎರಡು ದಶಕ ನಡೆಯಿತು. 1966ರ 'ದಿ ಪ್ಯಾಟರ್ನ್ ಆಫ್ ಅನಿಮಲ್ ಕಮ್ಯೂನಿಟೀಸ್' ಗ್ರಂಥ ಇದರ ಫಲ.

ಈ ಸಮೀಕ್ಷೆಯಲ್ಲಿ ಎಲ್ಟನ್ ಅವರನ್ನು ಬೆರಗುಗೊಳಿಸಿದ ಒಂದು ಸಂಗತಿಯೆಂದರೆ ಸತ್ತ ಮರದ ಮಹತ್ವ. ಬಿದ್ದು ಕೊಳೆಯುವ ದಿಮ್ಮಿಗಳು, ಒಣಗಿದ ಕೊಂಬೆಗಳು, ಪೊಟರೆಗಳು ಕಾಡಿನ ಪ್ರಾಣಿಗಳಿಗೆ ಅತ್ಯಂತ ದೊಡ್ಡ ಆಶ್ರಯಗಳಲ್ಲಿ ಸೇರುತ್ತವೆ; ಇವನ್ನು 'ಸ್ವಚ್ಛ'ಗೊಳಿಸಿದರೆ ಕಾಡಿನ ಪ್ರಾಣಿಜಾತಿಗಳಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ನಷ್ಟವಾದೀತು ಎಂದು ಅವರು ಅಂದಾಜು ಮಾಡಿದರು. ಕಾಡನ್ನು ಮರಮುಟ್ಟಿನ ತೋಟವೆಂದು ಕಾಣುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮೊಲಗಳಿಗೆ ತಗಲುವ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ 1953ರಲ್ಲಿ ಬ್ರಿಟನ್ನನ್ನು ಹೊಕ್ಕು ವೈಟಮ್‌ಗೂ ಬಂತು. ಮೊಲಗಳು ಸತ್ತವು; ಅವು ಮೇದು ಗಿಡ್ಡವಾಗಿಟ್ಟಿದ್ದ ಹುಲ್ಲುಗಾವಲು ಎತ್ತರಕ್ಕೆ ಬೆಳೆದು ಪೊದೆಗಟ್ಟತೊಡಗಿತು. ಮೊಲವೂ ಬ್ರಿಟನ್ನಿಗೆ ಹಿಂದೊಮ್ಮೆ ಹೊರಗಿನಿಂದ ಬಂದದ್ದು, ರೋಗವೂ ಹೊರಗಿನದು. ಒಂದು ಆಗಂತುಕವು ಮತ್ತೊಂದು ಆಗಂತುಕವನ್ನು ಅಳಿಸಿದಾಗ ಇಡೀ ನೆಲದ ರೂಪವೇ ಬದಲಾದುದನ್ನು ಎಲ್ಟನ್ ಮತ್ತು ಸಹೋದ್ಯೋಗಿಗಳು ಕಣ್ಣಾರೆ ಕಂಡರು.

1958ರ ಗ್ರಂಥ

1957ರಲ್ಲಿ ಬಿಬಿಸಿ ರೇಡಿಯೋದಲ್ಲಿ ಎಲ್ಟನ್ ನೀಡಿದ ಮೂರು ಉಪನ್ಯಾಸಗಳು ವಿಸ್ತರಣೆಗೊಂಡು 'ದಿ ಇಕಾಲಜಿ ಆಫ್ ಇನ್ವೇಷನ್ಸ್ ಬೈ ಅನಿಮಲ್ಸ್ ಅಂಡ್ ಪ್ಲಾಂಟ್ಸ್' ಎಂಬ ಗ್ರಂಥವಾದವು. ಮೂರು ಎಳೆಗಳು ಇದರಲ್ಲಿ ಹೆಣೆದುಕೊಂಡಿವೆ: ಭೂಮಿಯ ಮೇಲೆ ಜೀವಿಗಳ ಹಂಚಿಕೆಯ ಚರಿತ್ರೆ, ಜೀವಿಸಂಖ್ಯೆ ಮತ್ತು ಸಮುದಾಯಗಳ ವಿಜ್ಞಾನ, ಸಂರಕ್ಷಣೆ. ಆಲ್ಫ್ರೆಡ್ ರಸಲ್ ವಾಲೇಸ್ ಗುರುತಿಸಿದ ಮಹಾ ಪ್ರಾಣಿಭೌಗೋಳಿಕ ವಲಯಗಳು ಸಮುದ್ರ, ಮರುಭೂಮಿ, ಪರ್ವತಗಳ ಅಡ್ಡಗೋಡೆಗಳಿಂದಾಗಿ ಕೋಟ್ಯಂತರ ವರ್ಷಗಳ ಕಾಲ ಬೇರೆ ಬೇರೆಯಾಗಿ ವಿಕಾಸಗೊಂಡವು. ಆ ಗೋಡೆಗಳನ್ನು ಮನುಷ್ಯನು ಹಡಗು, ಕಾಲುವೆ, ವಿಮಾನ, ತೋಟಗಾರಿಕೆಗಳ ಮೂಲಕ ಕೆಲವೇ ಶತಮಾನಗಳಲ್ಲಿ ಒಡೆದಿದ್ದಾನೆ ಎಂಬುದು ಗ್ರಂಥದ ಮೂಲ ಪ್ರತಿಪಾದನೆ.

ಉದಾಹರಣೆಗಳು ಒಂದಕ್ಕಿಂತ ಒಂದು ವಿಸ್ಮಯಕರ. ಆಫ್ರಿಕದ ಮಲೇರಿಯ ಸೊಳ್ಳೆಯೊಂದು ಅಟ್ಲಾಂಟಿಕ್ ದಾಟಿ ಬ್ರೆಜಿಲಿನ ನಟಾಲ್ ಪಟ್ಟಣದಲ್ಲಿ 1930ರಲ್ಲಿ ಪತ್ತೆಯಾಯಿತು. 1938ರಲ್ಲಿ ಅದು ಹರಡಿದ ಮಲೇರಿಯಕ್ಕೆ ಸಾವಿರಾರು ಜನ ಬಲಿಯಾದರು. ಭಾರೀ ಕಾರ್ಯಾಚರಣೆಯ ಬಳಿಕ 1940ರ ವೇಳೆಗೆ ಅದನ್ನು ನಿರ್ಮೂಲಗೊಳಿಸಲಾಯಿತು. ನ್ಯೂಯಾರ್ಕಿನಲ್ಲಿ 1904ರಲ್ಲಿ ಕಂಡುಬಂದ ಏಷ್ಯಾ ಮೂಲದ ಶಿಲೀಂಧ್ರವೊಂದು ಕೆಲವು ದಶಕಗಳಲ್ಲಿ ಪೂರ್ವ ಅಮೆರಿಕದ ಚೆಸ್ಟ್‌ನಟ್ ಕಾಡುಗಳನ್ನು ಬರಿದಾಗಿಸಿತು. 1905ರಲ್ಲಿ ಪ್ರಾಗ್ ಸಮೀಪ ಶ್ರೀಮಂತನೊಬ್ಬ ಬಿಟ್ಟ ಕೆಲವೇ ಮಸ್ಕ್‌ರ್ಯಾಟ್‌ಗಳ ಸಂತತಿ ಮಧ್ಯ ಯುರೋಪಿನ ನದಿಗಳನ್ನೆಲ್ಲ ವ್ಯಾಪಿಸಿತು. ಅದೇ ಪ್ರಾಣಿ ಬ್ರಿಟನ್ನಿನ ತುಪ್ಪಳ ಸಾಕಣೆಯ ಕೇಂದ್ರಗಳಿಂದ ತಪ್ಪಿಸಿಕೊಂಡಾಗ ತಡಮಾಡದೆ ಕೈಗೊಂಡ ಕ್ರಮದಿಂದ 1930ರ ದಶಕದ ಕೊನೆಯ ವೇಳೆಗೆ ಸಂಪೂರ್ಣವಾಗಿ ನಿರ್ಮೂಲವಾಯಿತು. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯ ಮೂಲಕ ಕೆಂಪು ಸಮುದ್ರದ ಜೀವಿಗಳು ಮೆಡಿಟರೇನಿಯನ್ನಿಗೆ ಹರಿದುದೂ ಗ್ರಂಥದಲ್ಲಿ ಚರ್ಚಿತವಾಗಿದೆ.

ಗ್ರಂಥದ ತಿರುಳು ಇರುವುದು ಅದರ ಉತ್ತರಾರ್ಧದಲ್ಲಿ. ಸರಳವಾದ ಸಮುದಾಯಗಳು ಸುಲಭವಾಗಿ ಏರುಪೇರಾಗುತ್ತವೆ, ಆಕ್ರಮಣಕ್ಕೂ ಸುಲಭವಾಗಿ ತುತ್ತಾಗುತ್ತವೆ. ಜಾತಿವೈವಿಧ್ಯವುಳ್ಳ ಸಮುದಾಯಗಳು ಹೊಸಬರನ್ನು ತಡೆದು ನಿಲ್ಲಿಸುತ್ತವೆ ಎಂಬ ವಾದಕ್ಕೆ ಎಲ್ಟನ್ ಆರು ಬಗೆಯ ಆಧಾರಗಳನ್ನು ಒದಗಿಸಿದರು. ಬೇಟೆಗಾರ ಮತ್ತು ಬೇಟೆ ಎಂಬ ಎರಡೇ ಜಾತಿಗಳ ಗಣಿತ ಮಾದರಿಗಳು ಓಲಾಡುತ್ತವೆ. ಪ್ರಯೋಗಾಲಯದಲ್ಲಿ ಎರಡೇ ಸೂಕ್ಷ್ಮಜೀವಿಗಳನ್ನು ಕೂಡಿಸಿದರೆ ಅವು ಬಹುಕಾಲ ಉಳಿಯುವುದಿಲ್ಲ. ದೂರದ ಸಣ್ಣ ದ್ವೀಪಗಳು ಖಂಡಗಳಿಗಿಂತ ಹೆಚ್ಚಾಗಿ ಆಕ್ರಮಣಕ್ಕೊಳಗಾಗುತ್ತವೆ. ಪೀಡೆಗಳ ಹಾವಳಿ ಹೆಚ್ಚಾಗಿ ಕಾಣುವುದು ಮನುಷ್ಯ ಸರಳಗೊಳಿಸಿದ ಹೊಲ, ನೆಡುತೋಪುಗಳಲ್ಲಿ. ಉಷ್ಣವಲಯದ ಮಳೆಕಾಡುಗಳಲ್ಲಿ ಅಂಥ ಹಾವಳಿ ವಿರಳ. ಕೀಟನಾಶಕ ಸಿಂಪಡಿಸಿದ ಹಣ್ಣಿನ ತೋಟಗಳಲ್ಲಿ ಉಪಕಾರಿ ಕೀಟಗಳೂ ಸತ್ತು ಹೊಸ ಪೀಡೆಗಳು ತಲೆಯೆತ್ತುತ್ತವೆ. ಈ ವಾದಸರಣಿ ಕೊನೆಗೊಳ್ಳುವುದು ಒಂದು ಸಾಧಾರಣವೆನಿಸುವ ಸಲಹೆಯಲ್ಲಿ: ಇಂಗ್ಲೆಂಡಿನ ಹೊಲಗಳ ನಡುವಣ ಬೇಲಿಸಾಲುಗಳನ್ನೂ ರಸ್ತೆಬದಿಯ ಹುಲ್ಲುಪಟ್ಟಿಗಳನ್ನೂ ಉಳಿಸಿಕೊಳ್ಳಬೇಕು, ಭೂದೃಶ್ಯದಲ್ಲಿ ಆದಷ್ಟು ವೈವಿಧ್ಯವನ್ನು ಇರಗೊಡಬೇಕು. ರೇಚಲ್ ಕಾರ್ಸನ್ ಅವರ 1962ರ 'ಸೈಲೆಂಟ್ ಸ್ಪ್ರಿಂಗ್' ಕೀಟನಾಶಕಗಳ ವಿರುದ್ಧ ಎತ್ತಿದ ದನಿಯಲ್ಲಿ ಎಲ್ಟನ್ ಅವರ ಗ್ರಂಥದ ನೆರವೂ ಇತ್ತು.

ಎಲ್ಟನ್ 1967ರಲ್ಲಿ ನಿವೃತ್ತರಾದರು. ಅದೇ ವರ್ಷ ಬ್ಯೂರೋ ಸ್ವತಂತ್ರ ಸಂಸ್ಥೆಯಾಗಿ ಕೊನೆಗೊಂಡು ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲೀನವಾಯಿತು. ಮೂವತ್ತೈದು ವರ್ಷ ಕಟ್ಟಿದ ಮನೆ ಕಟ್ಟಿದವರೊಂದಿಗೇ ಮುಚ್ಚಿತು. 1953ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿದ್ದ ಅವರಿಗೆ 1970ರಲ್ಲಿ ಡಾರ್ವಿನ್ ಪದಕವೂ 1976ರಲ್ಲಿ ಟೈಲರ್ ಪ್ರಶಸ್ತಿಯೂ ದೊರೆತವು. ನಿವೃತ್ತಿಯ ನಂತರ ಅವರು ಅಮೆರಿಕದ ಉಷ್ಣವಲಯದ ಮಳೆಕಾಡುಗಳ ಅಕಶೇರುಕಗಳನ್ನು ಕುರಿತು ಅಧ್ಯಯನ ನಡೆಸಿದರು. 1991ರ ಮೇ 1ರಂದು ನಿಧನರಾದರು. ಪತ್ನಿ ಜಾಯ್ ಸ್ಕೊವೆಲ್ ಕವಯಿತ್ರಿಯಾಗಿ ಹೆಸರಾದವರು.

ಪರೀಕ್ಷೆಗೊಳಗಾದ ಪ್ರತಿಪಾದನೆ

ಪ್ರಕಟವಾದ ಮೊದಲ ಎರಡು ದಶಕಗಳಲ್ಲಿ 1958ರ ಗ್ರಂಥಕ್ಕೆ ವಿಜ್ಞಾನಿಗಳಿಂದ ದೊರೆತ ಪ್ರತಿಕ್ರಿಯೆ ಮಂದವಾಗಿತ್ತು. ಇದರ ನಡುವೆಯೇ ಅದರ ಗಣಿತದ ಆಧಾರ ಅಲುಗಿತು. ರಾಬರ್ಟ್ ಮೇ 1972ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಯಾದೃಚ್ಛಿಕವಾಗಿ ಜೋಡಿಸಿದ ಜಾಲದಲ್ಲಿ ಜಾತಿಗಳೂ ಸಂಬಂಧಗಳೂ ಹೆಚ್ಚಿದಷ್ಟು ಸ್ಥಿರತೆ ಕಡಿಮೆಯಾಗುತ್ತದೆಂದು ತೋರಿಸಿದರು. ಸಂಕೀರ್ಣತೆಯಿಂದ ಸ್ಥಿರತೆ ತಾನಾಗಿ ಬರುವುದಿಲ್ಲ. ನೈಜ ಸಮುದಾಯಗಳಲ್ಲಿ ಸ್ಥಿರತೆ ಇದ್ದರೆ ಅದಕ್ಕೆ ಅವುಗಳ ವಿಶಿಷ್ಟ ರಚನೆಯನ್ನೇ ಹುಡುಕಬೇಕು ಎಂಬುದು ಈ ಫಲಿತಾಂಶದ ಇಂಗಿತ.

1982ರಲ್ಲಿ 'ಸ್ಕೋಪ್' ಎಂಬ ಅಂತರರಾಷ್ಟ್ರೀಯ ವೈಜ್ಞಾನಿಕ ಸಮಿತಿಯು ಜೈವಿಕ ಆಕ್ರಮಣಗಳನ್ನು ಕುರಿತ ಸಂಶೋಧನ ಕಾರ್ಯಕ್ರಮವನ್ನು ಆರಂಭಿಸಿದ ನಂತರ ಈ ಕ್ಷೇತ್ರಕ್ಕೆ ಹೊಸ ಜೀವ ಬಂತು. 1992ರ ಜೀವವೈವಿಧ್ಯ ಒಡಂಬಡಿಕೆಯ ಎಂಟನೆಯ ವಿಧಿಯು ಅನ್ಯಪ್ರಭೇದಗಳ ತಡೆ, ನಿಯಂತ್ರಣ ಮತ್ತು ನಿರ್ಮೂಲನವನ್ನು ಸದಸ್ಯ ರಾಷ್ಟ್ರಗಳ ಹೊಣೆಯಾಗಿಸಿತು. ವೈವಿಧ್ಯವು ರಕ್ಷೆಯೇ ಎಂಬ ಪ್ರಶ್ನೆ ಹೊಲಗದ್ದೆಗಳ ಪ್ರಯೋಗಕ್ಕೆ ಇಳಿಯಿತು. 1999ರಲ್ಲಿ ಸ್ಟೋಲ್‌ಗ್ರೆನ್ ಮತ್ತು ಸಂಗಡಿಗರು ಅಮೆರಿಕದ ಹುಲ್ಲುಗಾವಲು ಮತ್ತು ಪರ್ವತಪ್ರದೇಶಗಳಲ್ಲಿ ಸ್ಥಳೀಯ ಸಸ್ಯವೈವಿಧ್ಯ ಹೆಚ್ಚಿರುವೆಡೆಗಳಲ್ಲಿಯೇ ಅನ್ಯಸಸ್ಯಗಳೂ ಹೆಚ್ಚಿರುವುದನ್ನು ಕಂಡರು. ಜೊನಾಥನ್ ಲೆವಿನ್ 2000ದಲ್ಲಿ ಕ್ಯಾಲಿಫೋರ್ನಿಯದ ನದಿಯೊಂದರಲ್ಲಿ ನಡೆಸಿದ ಪ್ರಯೋಗ ಈ ವೈರುಧ್ಯವನ್ನು ಬಿಡಿಸಲು ನೆರವಾಯಿತು. ಜೊಂಡಿನ ಒಂದೊಂದು ಪುಟ್ಟ ಗುಪ್ಪೆಯಲ್ಲಿ ಜಾತಿಗಳು ಹೆಚ್ಚಿದ್ದಷ್ಟು ಹೊರಗಿನ ಸಸ್ಯ ನೆಲೆಯೂರುವುದು ಕಷ್ಟ. ಆದರೆ ನದಿಯುದ್ದಕ್ಕೂ ನೋಡಿದರೆ ಬೀಜಗಳು ಹೆಚ್ಚಾಗಿ ಬಂದು ಸೇರುವೆಡೆಯಲ್ಲಿ ಸ್ಥಳೀಯ ಜಾತಿಗಳೂ ಹೆಚ್ಚು, ಅನ್ಯಜಾತಿಗಳೂ ಹೆಚ್ಚು. ಅಳತೆಯ ಮಟ್ಟ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಎಲ್ಟನ್ ಅವರ ಪ್ರತಿಪಾದನೆ ಸುಳ್ಳಾಗಲಿಲ್ಲ. ಅದಕ್ಕೆ ಎಲ್ಲೆ ಗೊತ್ತಾಯಿತು.

ಗ್ರಂಥದ ಭಾಷೆಯೂ ವಿವಾದಕ್ಕೆ ಗುರಿಯಾಯಿತು. ಆಕ್ರಮಣ, ಸ್ಫೋಟ, ಸಮರ ಮೊದಲಾದ ರೂಪಕಗಳು ಮಹಾಯುದ್ಧವನ್ನು ಕಂಡ ತಲೆಮಾರಿಗೆ ಸಹಜವಾಗಿದ್ದವು. 2011ರಲ್ಲಿ ಮಾರ್ಕ್ ಡೇವಿಸ್ ಮತ್ತು ಇತರ ಹದಿನೆಂಟು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಜೀವಿಗಳನ್ನು ಮೂಲದಿಂದಲ್ಲ, ಅವು ಉಂಟುಮಾಡುವ ಪರಿಣಾಮದಿಂದ ಅಳೆಯಬೇಕೆಂದು ವಾದಿಸಿದರು. ಡೇನಿಯಲ್ ಸಿಂಬರ್ಲಾಫ್ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಇದಕ್ಕೆ ಉತ್ತರವಿತ್ತು, ಪರಿಣಾಮ ಗೋಚರಿಸುವ ಹೊತ್ತಿಗೆ ತಡೆಯುವ ಕಾಲ ಮೀರಿರುತ್ತದೆಂದು ಎಚ್ಚರಿಸಿದರು. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಬ್ರಿಟನ್ನಿನ ಮಸ್ಕ್‌ರ್ಯಾಟ್ ಎರಡನೆಯ ಮಾತಿಗೆ ಸಾಕ್ಷಿ. ಎಲ್ಟನ್ ಸ್ವತಃ ಬರೆದ ಬೇಲಿಸಾಲಿನ ಅಧ್ಯಾಯ ಮೊದಲನೆಯ ಮಾತಿಗೆ ದೂರದ್ದಲ್ಲ.

ಬಿಳಿಗಿರಿರಂಗನ ಬೆಟ್ಟದ ಸಾಕ್ಷ್ಯ

ಕರ್ನಾಟಕದ ಮಟ್ಟಿಗೆ ಎಲ್ಟನ್ ಅವರ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ಅಮೆರಿಕದ ಉಷ್ಣವಲಯದ ಲಂಟಾನ ಗಿಡವು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದು, ಬೇಲಿಗಿಡವಾಗಿ ಊರೂರಿಗೆ ಹಬ್ಬಿ, ಹಣ್ಣು ತಿನ್ನುವ ಹಕ್ಕಿಗಳ ನೆರವಿನಿಂದ ಕಾಡು ಸೇರಿತು. ಅದನ್ನು ಹತ್ತಿಕ್ಕಲು 1921ರಲ್ಲಿಯೇ ಹವಾಯಿಯಿಂದ ಒಂದು ಜಾತಿಯ ನೊಣವನ್ನು ತರಿಸಲಾಗಿತ್ತು, ಫಲ ಅಷ್ಟಕ್ಕಷ್ಟೆ. ಇಂಗ್ಲೆಂಡಿನಲ್ಲಿ ವೈವಿಧ್ಯದ ಆಸರೆಯೆಂದು ಎಲ್ಟನ್ ಕೊಂಡಾಡಿದ ಬೇಲಿಯೇ ಇಲ್ಲಿ ಆಕ್ರಮಣದ ಹೆಬ್ಬಾಗಿಲಾಯಿತೆಂಬುದು ಗಮನಾರ್ಹ. ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಕರ್ನಾಟಕದ ಬಯಲುಗಳನ್ನೆಲ್ಲ ತುಂಬಿತು. ಅದರ ಎಲೆಗಳನ್ನು ತಿನ್ನುವ ಮೆಕ್ಸಿಕೋ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಸುಮಾರು 540 ಚದರ ಕಿಲೋಮೀಟರ್ ವಿಸ್ತೀರ್ಣದ, ಕುರುಚಲು ಕಾಡಿನಿಂದ ನಿತ್ಯಹರಿದ್ವರ್ಣ ಕಾಡು ಮತ್ತು ಶೋಲಾಗಳವರೆಗೆ ಬಗೆಬಗೆಯ ಸಸ್ಯರಾಶಿಯುಳ್ಳ ಪ್ರದೇಶ. ವೈವಿಧ್ಯವೊಂದೇ ಸಾಕಾಗಿದ್ದರೆ ಈ ಬೆಟ್ಟ ಲಂಟಾನವನ್ನು ತಡೆಯಬೇಕಿತ್ತು. ಬೆಂಗಳೂರಿನ 'ಏಟ್ರೀ' ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಬೆಟ್ಟದುದ್ದಕ್ಕೂ ಗುರುತಿಸಿದ ನೂರಕ್ಕೂ ಹೆಚ್ಚು ಮಾದರಿ ತುಣುಕುಗಳಲ್ಲಿ 1997ರಲ್ಲಿ ಶೇ. 41ರಲ್ಲಿ ಇದ್ದ ಲಂಟಾನ 2008ರ ವೇಳೆಗೆ ಶೇ. 81ರಲ್ಲಿ ಕಂಡುಬಂತು. ಅದು ದಟ್ಟವಾಗಿರುವೆಡೆ ಸ್ಥಳೀಯ ಮರಗಳ ಎಳೆಯ ತಲೆಮಾರು ಕ್ಷೀಣಿಸಿತ್ತು.

ಕಾರಣವೇನು? ಇದೇ ಸಂಶೋಧಕರು 2005ರಲ್ಲಿ ಬೆಂಕಿ ಮತ್ತು ಲಂಟಾನ ಒಂದನ್ನೊಂದು ಪೋಷಿಸುತ್ತವೆಂಬ ಊಹೆಯನ್ನು ಮಂಡಿಸಿದ್ದರು. ಪೊದೆ ಒಣಗಿ ಬೆಂಕಿಗೆ ಸೌದೆಯಾಗುತ್ತದೆ. ಬೆಂಕಿ ಹಾಯ್ದ ನೆಲದಲ್ಲಿ ಪೊದೆ ಮತ್ತೆ ಚಿಗುರುತ್ತದೆ. ಆದರೆ ಬೆಟ್ಟದ ಸೋಲಿಗ ಹಿರಿಯರನ್ನು ಕೇಳಿದಾಗ ದೊರೆತ ಉತ್ತರ ಬೇರೆ. ಹಿಂದೆ ಬೇಸಗೆಯ ಮೊದಲಲ್ಲಿ ತಾವು ಹಾಕುತ್ತಿದ್ದ 'ತರಗು ಬೆಂಕಿ' ಒಣಗಿದ ಎಲೆಯನ್ನಷ್ಟೇ ಸುಟ್ಟು ಸಾಗುತ್ತಿತ್ತು. ಲಂಟಾನದ ಸಸಿಗಳೂ ನೆಲ್ಲಿಮರಕ್ಕೆ ಹತ್ತುವ ಬದನಿಕೆಯೂ ಅದರಿಂದ ಹತೋಟಿಯಲ್ಲಿದ್ದವು. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಬೆಂಕಿ ನಿಂತಿತು, ಲಂಟಾನ ಹಬ್ಬಿತು ಎಂದು ಅವರು ವಿವರಿಸಿದರು. ಎರಡೂ ವಿವರಣೆಗಳು ಪರಸ್ಪರ ವಿರುದ್ಧವೆನಿಸಿದರೂ ಹಾಗಲ್ಲ. ಸಸಿಗಳು ಚದುರಿದ್ದ ಕಾಲದ ತೆಳುಬೆಂಕಿ ಬೇರೆ. ಪೊದೆ ಆಳೆತ್ತರಕ್ಕೆ ಬೆಳೆದು ಕಾಡಿನ ಕೆಳಸ್ತರವನ್ನೆಲ್ಲ ಆವರಿಸಿದ ಬಳಿಕ ಹೊತ್ತುವ ಉರಿ ಬೇರೆ. ಒಮ್ಮೆ ರಕ್ಷೆಯಾಗಿದ್ದ ಉಪಾಯ ತಡವಾದ ಮೇಲೆ ಅಪಾಯವಾಗಬಲ್ಲುದು.

ಈ ಸಾಕ್ಷ್ಯವು ಎಲ್ಟನ್ ಅವರ ಪ್ರತಿಪಾದನೆಗೆ ಒಂದು ಮುಖ್ಯ ತಿದ್ದುಪಡಿಯನ್ನು ಸೂಚಿಸುತ್ತದೆ. ಜೀವಿಸಮುದಾಯದ ರಚನೆಯಲ್ಲಿ ಮನುಷ್ಯನ ಕೈವಾಡವೆಂದರೆ ಸದಾ ಸರಳೀಕರಣವೇ ಎಂದು ತಿಳಿಯುವಂತಿಲ್ಲ. ತಲೆಮಾರುಗಳಿಂದ ಕಾಡಿನೊಂದಿಗೆ ಬದುಕಿದವರ ರೂಢಿಯೂ ಸಮುದಾಯದ ಒಂದು ಅಂಗ. ಅದನ್ನು ಕಿತ್ತರೆ ಅಲ್ಲಿಯೂ ಒಂದು 'ನೆಲೆ' ತೆರವಾಗುತ್ತದೆ. 2011ರಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೂ ಮಾನ್ಯತೆ ದೊರೆಯಿತು. ಈ ಎರಡನ್ನೂ ಒಂದೇ ನೆಲದಲ್ಲಿ ಹೊಂದಿಸುವ ಕೆಲಸದಲ್ಲಿ ಲಂಟಾನದ ಪ್ರಶ್ನೆಯೂ ಅಡಗಿದೆ.

ಉಪಸಂಹಾರ

ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ ಮನುಷ್ಯನ ಚಟುವಟಿಕೆಯಿಂದ ಹೊಸ ನೆಲೆ ಸೇರಿದ ಅನ್ಯಪ್ರಭೇದಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕಾರಕವೆಂದು ಸ್ಥಿರಪಟ್ಟ ಆಕ್ರಮಣಕಾರಿಗಳು 3,500ಕ್ಕೂ ಹೆಚ್ಚು. ಈ ಅಂಕಿಗಳಿಂದಲೇ ಒಂದು ಸಂಗತಿ ವಿದಿತವಾಗುತ್ತದೆ: ಬಂದವರಲ್ಲಿ ಬಹುಪಾಲು ಜೀವಿಗಳು ಸದ್ದಿಲ್ಲದೆ ಬಾಳುತ್ತವೆ, ಹತ್ತರಲ್ಲಿ ಒಂದರಷ್ಟು ಮಾತ್ರ ಹಾವಳಿಯಾಗಿ ಪರಿಣಮಿಸಿವೆ. ಯಾವುದು, ಎಲ್ಲಿ, ಏಕೆ ಎಂಬುದನ್ನು ತಿಳಿಯಲು ಬಂದ ಜೀವಿಯ ಜೊತೆಗೆ ಅದು ಹೊಕ್ಕ ನೆಲದ ಚರಿತ್ರೆಯನ್ನೂ ಓದಬೇಕಾಗುತ್ತದೆ.

ಎಲ್ಟನ್ ಮಾಡಿದ್ದು ಬಹುತೇಕ ಈ ಓದನ್ನೇ. ಬೇರ್ ದ್ವೀಪದ ಒಂದು ಹಾಳೆಯ ನಕ್ಷೆ, ತುಪ್ಪಳದ ಲೆಕ್ಕಪುಸ್ತಕ, ಧಾನ್ಯದ ಉಗ್ರಾಣ, ವೈಟಮ್ ಕಾಡಿನ ಕೊಳೆತ ದಿಮ್ಮಿ ಇವೆಲ್ಲವೂ ಅವರಿಗೆ ಒಂದೇ ಪಾಠವನ್ನು ಕಲಿಸಿದವು: ಜೀವಿಯನ್ನು ಅದರ ಸಂಬಂಧಗಳಿಂದ ಬಿಡಿಸಿ ಅರಿಯಲಾಗದು. ಅವರ ಉತ್ತರಗಳಲ್ಲಿ ಕೆಲವು ತಿದ್ದುಪಡಿಗೆ ಒಳಗಾಗಿವೆ, ಒಂದೆರಡು ಕೈಬಿಟ್ಟಿವೆ. ವೈವಿಧ್ಯವನ್ನು ಉಳಿಸಿಕೊಂಡ ನೆಲ ಹೊಸ ಆಘಾತಗಳನ್ನು ಎಷ್ಟರಮಟ್ಟಿಗೆ ತಾಳಬಲ್ಲುದೆಂಬ ಅವರ ಪ್ರಶ್ನೆ ಮಾತ್ರ ಬಿಳಿಗಿರಿರಂಗನ ಬೆಟ್ಟದ ಇಳಿಜಾರುಗಳಲ್ಲಿ, ಲಂಟಾನದ ಪೊದೆಯಡಿ ಮೇಲೇಳಲಾರದೆ ನಿಂತ ನೆಲ್ಲಿಯ ಸಸಿಗಳ ನಡುವೆ, ಇನ್ನೂ ಉತ್ತರಕ್ಕಾಗಿ ಕಾದಿದೆ.